ಹೊಸದು ಬಂತೆ?

ತಾರ್ತುವಿನಲ್ಲಿ ಮಾರ್ಚಿಗೂ ಹೊಳೆಯಂಚಿಗೆ ಮಂಜುಗಡ್ಡೆ.
ಅಡುಗೆಮನೆಯ ಮೇಜಿಗೆ ಕೂತು ಹೆಲ್ವೆ
ಹನ್ನೊಂದು ಸಾಲು ಬರೆದಳು, ನಾಲ್ಕು ಅಳಿಸಿದಳು.
ಇನ್ನುಮೇಲೆ ಅವಳ ಅಂಚೆ ಸರ್ವರ್
ಎಲ್ಲೇ ಓಡುತ್ತಿರಲಿ, ದಿನಕ್ಕೊಮ್ಮೆ ಬಂದು ಕೇಳುತ್ತದೆ:
ನಾನು ಎರಡು ದಶಾಂಶ ಒಂದು. ಹೊಸದು ಬಂತೆ?

ಊರ್ಮಸ್ ಫೋನಿನಲ್ಲಿ ರೇಗಿದ:
ನನ್ನ ತಾತನ ಬಾಗಿಲು ತಟ್ಟಿದವರೂ
ಸುಮ್ಮನೆ ವಿಚಾರಿಸಲು ಬಂದವರೇ.
ಅವಳು ವಾದಿಸಲಿಲ್ಲ.
ಹೆಸರು ಬೇಡ, ವಿಳಾಸ ಉಳಿಸುವುದು ಬೇಡ,
ಅಂಕಿಯೊಂದು ಸಾಕೆಂದು ತಿದ್ದಿದಳು;
ಬೇಡವೆನ್ನುವವರಿಗೆ ಒಂದು ಗುಂಡಿಯನ್ನೂ ಇಟ್ಟಳು.

ಊರಿಗೆ ಬಂದವರು ನೀರಿಗೆ ಬರಲೇಬೇಕಲ್ಲ, ಸರಿ,
ಆದರೆ ಮೊದಲ ವಾರ ನಡುರಾತ್ರಿ ಹನ್ನೆರಡಕ್ಕೆ
ಅಷ್ಟೂ ಒಟ್ಟಿಗೇ ಬಂದು ಬಾವಿಕಟ್ಟೆ ಕುಸಿಯಿತು.
ಒಬ್ಬೊಬ್ಬರೇ ಬನ್ನಿ ಮಾರಾಯರೆ ಎಂದು
ಒಂದೊಂದಕ್ಕೆ ಒಂದೊಂದು ಗಳಿಗೆ ಹಂಚಿದಳು.

ಈಗ ಆರು ವರ್ಷ. ಉಳಿದವೆಲ್ಲ ಐದು ದಾಟಿವೆ.
ಒಂದು ಮಾತ್ರ, ಬೆಳಗಿನ ಜಾವ ನಾಲ್ಕೂ ಹತ್ತಕ್ಕೆ:
ನಾನು ಎರಡು ದಶಾಂಶ ಒಂದು. ಹೊಸದು ಬಂತೆ?
ಬಂತು, ಎನ್ನುತ್ತದೆ ಇವಳ ಯಂತ್ರ. ಹದಿನೇಳು ಸಲ ಬಂತು.
ಕೇಳಿಸಿಕೊಂಡು ಹೋಗುತ್ತದೆ.
ಯಾವ ಶಾಲೆಯ ಮೆಟ್ಟಿಲಡಿಯೊ,
ಯಾವ ಮೀನು ಗೋದಾಮಿನ ಕಪಾಟಿನೊಳಗೊ,
ಪಾಸ್‌ವರ್ಡ್ ಗೊತ್ತಿದ್ದವನು ಊರು ಬಿಟ್ಟನೊ, ಸತ್ತನೊ.

ವಿಳಾಸವಿದ್ದರೆ ಒಂದು ಮಾತು ಬರೆಯಬಹುದಿತ್ತು,
ಕದ ತೆರೆದಿದೆ, ಹಾಕಿಕೊಳ್ಳಿ ಎಂದು.
ಇಲ್ಲ. ಸರಿಯಾಗಿಯೇ ಮಾಡಿದೆ, ಎನ್ನುತ್ತಾಳೆ
ಕರಿಬ್ರೆಡ್ಡಿಗೆ ಬೆಣ್ಣೆ ಸವರುತ್ತ, ಅದೂ ಎರಡು ಸಲ.

ಗುರುವಾರ ಅದು ಬರಲಿಲ್ಲ. ಶುಕ್ರವಾರವೂ.
ಊರ್ಮಸ್‌ಗೆ ಹೇಳಿದಳು.
ಅವನು ತುಸು ಹೊತ್ತು ಸುಮ್ಮನಿದ್ದು,
ಯಾರೋ ಗುಂಡಿ ಒತ್ತಿರಬೇಕು, ಎಂದ.