ನಿಂತ ಕಾರಿನ ವೇಗ

ಕೈಯಲ್ಲಿದ್ದ ದುಡ್ಡು ತೊಂಬತ್ತು ಲಾರಿ.
ದೀಪದ ಬಾಡಿಗೆಗೆ ಅರವತ್ತು,
ಚೀಸ್ ರೊಟ್ಟಿಗೆ ಇಪ್ಪತ್ತೆರಡು,
ಉಳಿದದ್ದರಲ್ಲಿ ಒಂದು ಡಬ್ಬಿ ಪುದೀನ ಮುಲಾಮು,
ಇಯಾಳ ಕಣ್ಣಿಗೆ, ಅಳು ತಾನಾಗಿ ಬಾರದಿದ್ದರೆ.

ಹಾಡು ನಾಲ್ಕು ನಿಮಿಷದ್ದು.
ಹುಡುಗಿ ರಾತ್ರೋರಾತ್ರಿ ಕುತೈಸಿ ಬಿಟ್ಟು ಹೋಗುತ್ತಾಳೆ,
ಅಷ್ಟೇ ಕಥೆ.
ಹೋಗಲು ಕಾರು ಬೇಕು. ಇತ್ತು:
ನಮ್ಮ ಅಂಗಳದಲ್ಲಿ, ಹಿಪ್ಪುನೇರಳೆ ಮರದಡಿ, ಅಪ್ಪನ ಒಪೆಲ್.
ಎಂಜಿನ್ ಮಾರಿ ಮೂರು ವರ್ಷ.
ಡಿಕ್ಕಿಯಲ್ಲಿ ಬೆಕ್ಕು ಮರಿ ಹಾಕಿತ್ತು.

"ಸಹಜವಾಗಿರಬೇಕು," ಎಂದ ರೇಜೊ, ನಮ್ಮ ನಿರ್ದೇಶಕ,
ವಯಸ್ಸು ಇಪ್ಪತ್ತು, ಮೈಮೇಲೆ ಮಾವನ ಕೋಟು.
"ನೋಡಿದವರಿಗೆ ಡೀಸೆಲ್ ವಾಸನೆ ಹೊಡೆಯಬೇಕು."

ಮೂರನೇ ಮಹಡಿಯ ಲಮಾರಾ ದೀಪ ಆರಿಸಲು ಒಪ್ಪಲಿಲ್ಲ,
ಧಾರಾವಾಹಿ ಮುಗಿಯಲಿ ಅಂದಳು.
ಹೀಗಾಗಿ ನಮ್ಮ ರಾತ್ರಿ ಶುರುವಾದದ್ದು ಹತ್ತೂವರೆಗೆ.

ಬಂಪರಿನ ಕೆಳಗೆ ಹಲಗೆ ಕೊಟ್ಟು ಇಬ್ಬರು ಮೀಟಿದರು.
ಒಬ್ಬ ಕೊಂಬೆ ಹಿಡಿದು ಕಿಟಕಿಯಾಚೆ ಓಡಿದ, ಅವನೇ ಕಾಡು.
ನಾನು ಬೀದಿದೀಪ.
ಕೋಲಿನ ತುದಿಗೆ ಬಲ್ಬು ಕಟ್ಟಿಕೊಂಡು
ಮುಂದಿನಿಂದ ಹಿಂದಕ್ಕೆ ಓಡು, ಬಗ್ಗಿ ವಾಪಸು ಬಾ,
ಮತ್ತೆ ಓಡು.
ಇಯಾಳ ಕೆನ್ನೆ ದಾಟುವಷ್ಟರಲ್ಲಿ
ನಾನೊಬ್ಬನೇ ನೂರು ಕಂಬ.

ಅಂಗಳದ ಆಚೆ ತುದಿ ಡಾಮಿನೋ ಆಡುತ್ತಿದ್ದ ಮುದುಕರು ನಕ್ಕರು.
"ಇದೇನ್ರೋ, ಕಾರಿಗೆ ಚಳಿಜ್ವರವೇ?"
ಗೂರಮ್ ಮಾತ್ರ ನಗಲಿಲ್ಲ.
ಇಪ್ಪತ್ತಾರು ವರ್ಷ ಸಮ್ತ್ರೇದಿಯಕ್ಕೆ ವ್ಯಾನು ಓಡಿಸಿದವನು
ಕೈಯ ಕಾಯಿ ಬೋರಲು ಹಾಕಿ ಎದ್ದು ಬಂದ.
"ಎಲ್ಲಿಗೆ ಹೊರಟಿದ್ದೀರಿ?"
"ಎಲ್ಲಿಗೂ ಇಲ್ಲ. ಸುಮ್ಮನೆ ಒಂದು ರಸ್ತೆ."
"ಸುಮ್ಮನೆ ರಸ್ತೆ ಅನ್ನೋದು ಎಲ್ಲೂ ಇಲ್ಲ," ಎಂದು
ಸ್ಟೂಲು ಎಳೆದು ಕೂತು ಕಣ್ಣು ಮುಚ್ಚಿದ.

"ಮೆಲ್ಲಗೆ. ಇದು ರಿಯೋನಿ ಸೇತುವೆ, ಕಬ್ಬಿಣದ ಬೆಸುಗೆ,
ಟಕ್, ಟಕ್... ಟಕ್. ಆಯಿತು.
ಈಗ ಸಪಾಟು. ಬರೀ ನಡುಕ ಸಾಕು.
ಎಡಕ್ಕೆ ತಿರುವು. ಭುಜ ಬಲಕ್ಕೆ ವಾಲಲಿ,
ಅಷ್ಟಲ್ಲ ಮಗಳೇ, ನೀನು ನಿದ್ದೆಗೆಟ್ಟವಳು, ಕುಡಿದವಳಲ್ಲ.
ಏ ದೀಪ! ಇಲ್ಲಿಂದಾಚೆ ಕಂಬವೇ ಇಲ್ಲ, ಯಾಕೆ ಓಡ್ತೀ?"
ನಾನು ನಿಂತೆ.
ಕತ್ತಲಲ್ಲಿ ಅವಳ ಮೂಗಿನ ತುದಿಯಷ್ಟೇ ಉಳಿಯಿತು.
ರೇಜೊ ಬಾಯಿ ತೆರೆದ, ಮುಚ್ಚಿದ,
ಕ್ಯಾಮೆರಾ ನಿಲ್ಲಿಸಲಿಲ್ಲ.

ಆಮೇಲೆ,
"ಬ್ರೇಕ್."

ಗಕ್ಕನೆ ಹಲಗೆ ಬಿಟ್ಟರು. ಇಯಾ ಮುಂದಕ್ಕೆ ಮುಗ್ಗರಿಸಿದಳು.
ಗೂರಮ್‌ನ ಬಲಗಾಲು ನೆಲವನ್ನು ಒತ್ತಿ ಹಿಡಿದಿತ್ತು,
ರಬ್ಬರು ಚಪ್ಪಲಿಯ ತುದಿಯಲ್ಲಿ ಬೆರಳು ಬೆಳ್ಳಗಾಗಿ.
ಯಾರೂ ಮಾತಾಡಲಿಲ್ಲ. ಡಾಮಿನೋದವರೂ.
ನಾಲ್ಕು ಎಣಿಸುವಷ್ಟು ಹೊತ್ತು.
"ಹೂಂ. ಹೊರಡಿ."

ಏಳು ಟೇಕ್. ಏಳರಲ್ಲೂ ಅಲ್ಲೇ ಬ್ರೇಕ್.
ಹಾಡಿನಲ್ಲಿ ಅಲ್ಲಿ ಪೆಟ್ಟೂ ಇಲ್ಲ, ಬಿಡುವೂ ಇಲ್ಲ,
ಡ್ರಮ್ಮಿನವನು ಗೊಣಗಿದ.
ಐದನೆಯದರಲ್ಲಿ ಇಯಾ ಅತ್ತಳು.
ಮುಲಾಮಿನ ಡಬ್ಬಿಯ ಸೀಲು ಒಡೆದಿರಲಿಲ್ಲ;
ಈಗ ಅದನ್ನು ಅಜ್ಜಿಯ ಮಂಡಿಗೆ ಹಚ್ಚುತ್ತೇವೆ.

ಮೇಷ್ಟರು ಬರೆದರು: ಕಾರು ನಂಬುವಂತಿದೆ.
ಕೊಂಬೆ ಮೂರು ಸಲವೂ ಅದೇ ಕೊಂಬೆ.
ಎರಡನೇ ನಿಮಿಷದಲ್ಲಿ ಕಾರಣವಿಲ್ಲದ ಬ್ರೇಕು, ಕತ್ತರಿಸಿ.
ರೇಜೊ ಕತ್ತರಿಸಲಿಲ್ಲ. ಅಂಕ ಹೋಯಿತು.

ಅಮ್ಮ ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿಟ್ಟು ನೋಡಿದಳು.
ಮೊದಲು ಕೇಳಿದ್ದು, "ಪೆಟ್ರೋಲಿಗೆ ದುಡ್ಡು ಕೊಟ್ಟವರು ಯಾರು?"
ನನಗೆ ಎದೆಯುಬ್ಬಿತು.
ಅಡುಗೆಮನೆ ಕಿಟಕಿಯಿಂದಲೇ ಕಾಣುತ್ತಿತ್ತು ಕಾರು,
ಬೆಕ್ಕಿನ ಸಮೇತ.

ಆಮೇಲೆ ಆ ಬ್ರೇಕು ಬಂತು.
ಅಮ್ಮ ಕೈ ಒರೆಸಿಕೊಂಡು ಹಿಂದಕ್ಕೆ ಜರುಗಿಸಿ
ಇನ್ನೊಮ್ಮೆ ನೋಡಿದಳು.
"ಓಡಿಸಿದ್ದು ಗೂರಮ್ ತಾನೇ?"

ಯಾವ ಚೌಕಟ್ಟಿನಲ್ಲೂ ಅವನಿರಲಿಲ್ಲ.
ಕೊನೆಯ ಹೆಸರುಗಳಲ್ಲೂ ಇಲ್ಲ, ನಮಗೆ ಹೊಳೆದಿರಲಿಲ್ಲ.

ಅವಳು ಮತ್ತೇನೂ ಹೇಳಲಿಲ್ಲ.
ಬೀನ್ಸಿನ ಬೋಗುಣಿಗೆ ತಟ್ಟೆ ಮುಚ್ಚಿ ನನ್ನ ಕೈಗಿಟ್ಟಳು:
"ಕೆಳಗೆ ಕೊಟ್ಟು ಬಾ.
ಮೆಟ್ಟಿಲ ಮೇಲೆ ಓಡಬೇಡ."