ತೊಂಬತ್ತು ದಿನ ಮುಟ್ಟಬೇಡಿ

ಹೀಗಂತ ಅರಬಿಯಲ್ಲಿ, ಉರ್ದುವಿನಲ್ಲಿ ಚೀಟಿ ಬರೆಸಿ
ತಾಮ್ರದ ಗಣಿಯ ಕಾಲನಿಯಲ್ಲಿ
ಅರವತ್ತೊಂದು ಮನೆಗೆ ಡಬ್ಬಿ ಇಟ್ಟು ಬಂದೆ.
ಕುಂಕುಮದ ಭರಣಿಯಷ್ಟು ಡಬ್ಬಿ, ಒಳಗೆ
ಉಗುರಗಲದ ಪ್ಲಾಸ್ಟಿಕ್ಕು. ಬೇರೇನಿಲ್ಲ.
"ಇದು ಏನು ಹಿಡಿಯುತ್ತೆ, ಇಲಿಯಾ?" ಎಂದಳು ಮೌಜಾ.
ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ, ಅಂದೆ.
"ಹಾಗಾದರೆ ಜಿನ್ನು" ಎಂದು ನಕ್ಕು
ಖರ್ಜೂರದ ತಟ್ಟೆ ಮುಂದೆ ಸರಿಸಿದಳು.
ಹುಲಿಗೆಮ್ಮ ಎಂಬುದು ಅವಳ ನಾಲಿಗೆಯಲ್ಲಿ ಹೊರಳದೆ
ಮೊದಲ ದಿನವೇ ನಾನು ಹೂಲಿಯಾಗಿದ್ದೆ.

ಜೂನ್. ಹೊರಗೆ ನಲವತ್ತೇಳು ಡಿಗ್ರಿ.
ಸೊಹಾರಿನ ಕಡಲಗಾಳಿ ಈ ಬೋಳುಗುಡ್ಡ ಹತ್ತುವುದಿಲ್ಲ.
ಅವಳ ಮಗನಿಗೆ ದಮ್ಮು, ಧೂಳು ಆಗದು.
ಕಿಟಕಿಯ ಸಂದಿಗೆ ಹಳೆ ಅಬಾಯದ ಚಿಂದಿ ತುರುಕಿ
ಮೇಲೆ ಟೇಪು ಅಂಟಿಸಿದ್ದಳು,
ರವಿಕೆಗೆ ಹೊಲಿಗೆ ಹಾಕಿದಷ್ಟು ನೀಟಾಗಿ.
ಏಸಿ ಗೊರಕೆ ಹೊಡೆಯುತ್ತಿತ್ತು.
ನಾನೂ ಮೆಚ್ಚಿದೆ ಆವತ್ತು. ಅದನ್ನೂ ಹೇಳಬೇಕು.

ಮೊದಲು ಎಲ್ಲರ ಬೆರಳೂ ಗಣಿಯ ಕಡೆಗೇ.
ಇಳಿದೆವು, ನಾನೂ ಶಾಹ್‌ದಾದನೂ.
ಮೂರನೇ ಮಜಲಿನಲ್ಲಿ ಫ್ಯಾನಿನ ರಭಸಕ್ಕೆ
ತಲೆಯ ಹೆಲ್ಮೆಟ್ಟೇ ಹಾರುವಂತಿತ್ತು.
ಅಳೆದರೆ ಅಲ್ಲಿ ಏನಿಲ್ಲ. ಏನಿಲ್ಲ ಅಂದರೆ, ಮೂವತ್ತು.
ಮ್ಯಾನೇಜರು ಆ ಮಧ್ಯಾಹ್ನ ನಮಗೆ ಬಿರಿಯಾನಿ ತರಿಸಿದರು.
ಆಮೇಲೆ ನೀರು. ಕಡಲು ಸೋಸಿ ಟ್ಯಾಂಕರಿನಲ್ಲಿ ತಂದದ್ದು,
ಪಾಪ, ಅದಕ್ಕೇನೂ ಗೊತ್ತಿಲ್ಲ.
ಆಮೇಲೆ ಗೋಡೆಯ ಬ್ಲಾಕು, ಅಡುಗೆಕಟ್ಟೆಯ ಗ್ರಾನೈಟು:
ಇದ್ದದ್ದು ಜಗಳಕ್ಕೆ ಸಾಲದಷ್ಟು.

ದಿನ ತುಂಬಿದ ಪ್ಲಾಸ್ಟಿಕ್ಕನ್ನು
ಬಿಸಿ ಕಾಸ್ಟಿಕ್ಕಿನಲ್ಲಿ ಅದ್ದಿ ಸೂಕ್ಷ್ಮದರ್ಶಕದಡಿ ಇಟ್ಟರೆ
ಬಿದ್ದ ಪೆಟ್ಟೆಲ್ಲ ಗುಳಿಯಾಗಿ ಏಳುತ್ತದೆ
ಸಿಡುಬು ಬಂದುಹೋದ ಮುಖದ ಹಾಗೆ.
ಒಂದೊಂದು ಗುಳಿಗೂ ಒಂದೊಂದು ಪರಮಾಣು ಸತ್ತಿದೆ.
ರೇಡಾನು ಸತ್ತು ಹುಟ್ಟುವುದಕ್ಕೆ
ಪುಸ್ತಕದಲ್ಲಿ ಹೆಣ್ಣುಮಕ್ಕಳು ಎಂದು ಹೆಸರು.
ಶ್ವಾಸಕೋಶಕ್ಕೆ ಅಂಟಿ ಕೂತು ಸುಡುವವರು ಅವರೇ ಅಂತೆ.
ಯಾವ ಗಂಡಸು ಇಟ್ಟ ಹೆಸರೋ!
ವರದಿಯಲ್ಲಿ ಅದನ್ನು ಹೊಡೆದು ಸಂತತಿ ಎಂದು ಬರೆದೆ.

ಇಪ್ಪತ್ತಾರನೇ ಮನೆ: ಎಂಟುನೂರ ಹತ್ತು.
ತಪ್ಪಿರಬೇಕೆಂದು ಮತ್ತೆ ಎಣಿಸಿದೆ.
ಎಂಟುನೂರ ಇಪ್ಪತ್ತಾಯಿತು.
ಮೌಜಾಳ ಮನೆ. ಮಗ ಮಲಗುವ ಕೋಣೆ.

ಕಾರ್ಪೆಟ್ಟು ಸುತ್ತಿ ನೋಡಿದರೆ
ಗೋಡೆಯಂಚಿನುದ್ದಕ್ಕೂ ಕೂದಲೆಳೆ ಬಿರುಕು.
ಬುಖೂರಿನ ಹೊಗೆ ಹಿಡಿದೆ. ಹೊಗೆ ಬಾಗಿತು,
ಕೆಳಗಿನಿಂದ ಯಾರೋ ಮೆಲ್ಲಗೆ ಊದಿದಂತೆ.
ನೆಲದಡಿ ಏನು ತುಂಬಿದ್ದೀರಿ?
ಮಾವ ಖಲ್ಫಾನ್, ಇಪ್ಪತ್ತೆಂಟು ವರ್ಷ ಡ್ರಿಲ್ ಹಿಡಿದವನು,
ಎದೆ ಸೆಟೆಸಿ ಅಂದ: "ಗಣಿಯದೇ ಕಲ್ಲು. ಹದಿನಾಲ್ಕು ಲಾರಿ. ಪುಕ್ಕಟೆ.
ಒಂದೊಂದೂ ನಾನೇ ಒಡೆದದ್ದು."

ನನಗೆ ಬರುವ ಅರಬಿ ಮೂವತ್ತು ಮಾತು,
ಬೇಕಾದದ್ದು ಅದರಲ್ಲಿರಲಿಲ್ಲ.
ಹಟ್ಟಿಯ ಗಣಿಯಿಂದ ಅಪ್ಪ ತಂದ ಬೆಣಚುಕಲ್ಲು
ನಮ್ಮ ಮನೆಯ ದೇವರ ಮಾಡದಲ್ಲಿದೆ. ಯಾರೂ ಅಳೆದಿಲ್ಲ.
ಶಾಹ್‌ದಾದ ಹೇಳಿದ. ಎಷ್ಟು ಹೇಳಿದನೋ.
ಮೌಜಾ ಎದ್ದು ಕಿಟಕಿಯ ಟೇಪು ಕಿತ್ತಳು,
ಉದ್ದಕ್ಕೂ, ಒಂದೇ ಎಳೆತಕ್ಕೆ.

ನೆಲ ಕೊರೆದು ಕೊಳವೆ ಇಳಿಸಿ ಛಾವಣಿಗೇರಿಸಿ
ತುದಿಗೊಂದು ಪುಟ್ಟ ಫ್ಯಾನು.
ಕೊರೆಯುವುದನ್ನು ಮುದುಕ ಯಾರಿಗೂ ಬಿಡಲಿಲ್ಲ.
ಮೂರು ವಾರಕ್ಕೆ ಅರವತ್ತಕ್ಕೆ ಇಳಿಯಿತು.
ಕೊಳವೆಗೆ ಕಿವಿಯಿಟ್ಟು ಬಹಳ ಹೊತ್ತು ನಿಂತಿದ್ದು ಅಂದ:
"ಒಳಗೆ ನಮಗೆ ಇದೇ ಸದ್ದು ಇರುತ್ತಿತ್ತು.
ರಿಟೈರಾದ ಮೇಲೆ ನಿದ್ದೆಯೇ ಇರಲಿಲ್ಲ."

ಇನ್ನು ಒಂಬತ್ತು ಮನೆ. ಅದೇ ಕಲ್ಲು, ಅದೇ ಲಾರಿ.
ಕಡತ ಮ್ಯಾನೇಜರ ಮೇಜಿನ ಮೇಲಿದೆ, ನಾಲ್ಕು ತಿಂಗಳಾಯಿತು.
ಈ ಸಲ ಬಿರಿಯಾನಿ ಬಂದಿಲ್ಲ.