ಏಳನೆಯ ತಿಂಗಳು

ನುಎನಾ, ಗ್ಲಾನಾಳ ಮಗಳು. ಮೂರು ವರ್ಷ, ಎರಡು ತಿಂಗಳು.
ತಕ್ಕಡಿಯ ಜೋಳಿಗೆಯಲ್ಲಿ ಕೂರಿಸಿದರೆ
ಮುಳ್ಳು ಒಂಬತ್ತರ ಹತ್ತಿರ ಬಂದು
ಅಲ್ಲೇ ನಿಂತುಬಿಡುತ್ತದೆ,
ಕರೆಯದ ಮನೆಯ ಹೊಸ್ತಿಲಲ್ಲಿ ನಿಂತವರ ಹಾಗೆ.

ಹೊರಗೆ ಹಮಾದಾದ ಗಾಳಿ. ಕಲ್ಲು, ಕಲ್ಲು, ಮತ್ತೆ ಕಲ್ಲು.
ನೀರಿನ ಲಾರಿ ಇವತ್ತೂ ಬಂದಿಲ್ಲ.
ಗ್ಲಾನಾ ಮೆಲ್ಹಫಾದ ಸೆರಗಲ್ಲಿ ಮಗುವಿನ ಮೂಗೊರೆಸಿ
"ಉಣ್ಣುತ್ತಾಳೆ, ಸಲ್ಕಾ, ದೇವರಾಣೆ ಉಣ್ಣುತ್ತಾಳೆ" ಎನ್ನುತ್ತಾಳೆ,
ಕಳ್ಳತನದ ಆರೋಪ ಹೊತ್ತವಳ ದನಿಯಲ್ಲಿ.

ನಾನು ಮೊದಲು ನೀರಿನ ಮೇಲೆ ಅನುಮಾನಪಟ್ಟೆ.
ತಗಡಿನ ತೊಟ್ಟಿಯ ತಳಕ್ಕೆ ಕೈ ಹಾಕಿ
ತುಕ್ಕು ಕೆರೆದು ನೋಡಿದೆ.
ಆಮೇಲೆ ಹುಳ. ಮಾತ್ರೆ ಕೊಟ್ಟೆ, ಎರಡು ಸಲ.
ಆಮೇಲೆ ಮೇಕೆ. ಹಳೇ ಕಾರಿನ ಬಾಗಿಲುಗಳಿಂದ ಕಟ್ಟಿದ ದೊಡ್ಡಿಯಲ್ಲಿ
ರಟ್ಟು ಮೇಯುವ ಮೇಕೆಯ ಹಾಲಲ್ಲಿ
ಏನಿರುತ್ತದೆ, ಏನಿರುವುದಿಲ್ಲ ಎಂದು
ಅದರ ಹಳದಿ ಕಣ್ಣನ್ನೇ ದಿಟ್ಟಿಸಿದೆ.
ಅದೂ ನನ್ನನ್ನು ದಿಟ್ಟಿಸಿತು. ಯಾರೂ ಒಪ್ಪಿಕೊಳ್ಳಲಿಲ್ಲ.

ಅಜ್ಜಿ ಮಾತ್ರ ದೃಷ್ಟಿ ಎಂದಳು.
ಮಗುವಿನ ಕೊರಳಿಗೆ ತೊಗಲಿನ ತಾಯಿತ.
ನಾನು ನಗಲಿಲ್ಲ. ನನ್ನ ಮಾತ್ರೆಗಳೇನು ಹೆಚ್ಚು ಮಾಡಿದ್ದವು?

"ನನಗೊಬ್ಬ ತಮ್ಮನಿದ್ದ." ಅಜ್ಜಿ ಚಹಾ ಎತ್ತರದಿಂದ ಸುರಿಯುತ್ತ,
ನೊರೆಯನ್ನು ಲೋಟದಿಂದ ಲೋಟಕ್ಕೆ ದಾಟಿಸುತ್ತ,
"ಒಂಟೆ ಹಾಲಿನ ಕಾಲದಲ್ಲಿ ದುಂಡಗಿದ್ದ.
ಓಡಿಬಂದು ಇಲ್ಲಿ ಡೇರೆ ಹಾಕಿದೆವಲ್ಲ, ಚೀಲಗಳು ಬಂದವಲ್ಲ,
ಆಮೇಲೆ ಅವನ ಹೊಟ್ಟೆ ಹೀಗೇ,
ನೀರು ತುಂಬಿದ ತೊಗಲಚೀಲ. ಕೈಕಾಲು ಕಡ್ಡಿ."
ಮೂರನೆಯ ಲೋಟ ನನ್ನ ಮುಂದಿಟ್ಟಳು.
"ಎಲ್ಲರಿಗಿಂತ ಅವನೇ ಜಾಸ್ತಿ ರೊಟ್ಟಿ ಬೇಡುತ್ತಿದ್ದ."

ಯಾವ ಚೀಲಗಳು ಎಂದು ಕೇಳಲಿಲ್ಲ.
ಡೇರೆಯ ಮೂಲೆಯಲ್ಲಿ ಕಂಬಕ್ಕೊರಗಿ ಕೂತಿತ್ತು ಒಂದು,
ಮನೆಯ ಹಿರಿಯನ ಹಾಗೆ.
ಗೋಧಿ ಹಿಟ್ಟು, ಇಪ್ಪತ್ತೈದು ಕಿಲೋ,
ಯಾವುದೋ ದಾನಿ ದೇಶದ ಬಾವುಟ, ಅರ್ಧ ಅಳಿಸಿದ್ದು.

ರಾತ್ರಿ ದೀಪದಡಿ ನುಎನಾಳ ಕಾರ್ಡು ಬಿಡಿಸಿದೆ.
ಆರು ತಿಂಗಳವರೆಗೆ ಗೆರೆ
ದಿಣ್ಣೆ ಏರುವ ಎಳೆ ಒಂಟೆ.
ಏಳನೆಯ ತಿಂಗಳಲ್ಲಿ ಮುಗ್ಗರಿಸುತ್ತದೆ.
ಮತ್ತೆ ಎದ್ದಿಲ್ಲ.
ಮುಗ್ಗರಿಸಿದ ಚುಕ್ಕೆಯ ಪಕ್ಕ ನೀಲಿ ಶಾಯಿ, ದುಂಡು ಅಕ್ಷರ:
ರೊಟ್ಟಿಯನ್ನು ಹಾಲಲ್ಲಿ ನೆನೆಸಿ, ದಿನಕ್ಕೆ ಮೂರು ಸಲ.
ಕೆಳಗೆ ಸಹಿ.
ನನ್ನದು.

ಹೊಟ್ಟೆಗೆ ಹಿಟ್ಟಿಲ್ಲದವರ ಕತೆ ಜಗತ್ತಿಗೆ ಗೊತ್ತು.
ಹಿಟ್ಟೇ ಹೊಟ್ಟೆಯ ಒಳಗೋಡೆಯನ್ನು
ಉಜ್ಜಿ ಉಜ್ಜಿ ನುಣ್ಣಗೆ ಮಾಡಿ
ಏನನ್ನೂ ಹಿಡಿಯದ ಬಂಡೆಯಾಗಿಸುವ ಕತೆಯನ್ನು
ಯಾವ ಚೀಲದ ಮೇಲೂ ಅಚ್ಚು ಹಾಕಿರಲಿಲ್ಲ.

ರಕ್ತ ಐಸಿನ ಡಬ್ಬಿಯಲ್ಲಿ ದೂರದ ಊರಿಗೆ ಹೋಯಿತು.
ಉತ್ತರಕ್ಕೆ ಐದು ವಾರ.
ಹೌದು ಎಂಬ ಉತ್ತರ.
ಇನ್ನು ಅದನ್ನು ನಾನು ಹೇಳಬೇಕಾದ್ದು ಆ ಕೈಗೆ,
ಬಿಸಿ ಮರಳಲ್ಲಿ ರೊಟ್ಟಿ ಹೂತು, ತೆಗೆದು, ಬೂದಿ ಕೊಡವಿ
ಮೊದಲ ತುಂಡನ್ನು
ಮಗಳ ಬಾಯಿಗಿಡುವ ಕೈಗೆ.

ಗ್ಲಾನಾ ಅಳಲಿಲ್ಲ. ಕಾಗದ ತಿರುಗಿಸಿ ಹಿಂಬದಿ ನೋಡಿದಳು,
ಅಲ್ಲಿ ಇನ್ನೇನಾದರೂ ಬರೆದಿರಬಹುದೆಂದು.
"ಹಾಗಾದರೆ ಏನು ಕೊಡಲಿ?"
ಅದಕ್ಕೆ ರಕ್ತದಲ್ಲಿ ಉತ್ತರವಿರಲಿಲ್ಲ.

ಪಕ್ಕದ ಡೇರೆಯ ಸುಯೆಲ್ಮಾ ಹಿಟ್ಟು ತೆಗೆದುಕೊಂಡು ಅಕ್ಕಿ ಕೊಟ್ಟಳು,
ಅಳತೆಗೆ ಅಳತೆ, ಎರಡು ಹಿಡಿ ಕಮ್ಮಿಯೇ.
ಒಂದಿಷ್ಟು ಬೇಳೆ. ಎಲ್ಲಿಂದಲೋ ಒಂದು ಕ್ಯಾರೆಟ್ಟು.
ಅಣ್ಣಂದಿರ ಕೈಯ ರೊಟ್ಟಿಗಾಗಿ
ನುಎನಾ ಅತ್ತು ಅತ್ತು ನಿದ್ದೆ ಹೋದಳು,
ಹನ್ನೊಂದು ರಾತ್ರಿ. ಗ್ಲಾನಾ ಎಣಿಸಿದ್ದಾಳೆ.

ಇವತ್ತು ಮುಳ್ಳು ಒಂಬತ್ತನ್ನು ದಾಟಿ
ಇನ್ನೂರು ಗ್ರಾಮಿನಷ್ಟು ಒಳಗೆ ಕಾಲಿಟ್ಟಿತು.
ಚುಕ್ಕೆ ಇಟ್ಟೆ.
ಹೊರಗೆ ಸಾಲು. ಮುಂದಿನ ಮಗುವಿನ ಮುಷ್ಟಿಯಲ್ಲಿ
ಕಚ್ಚಿ ಕಚ್ಚಿ ಒದ್ದೆಯಾದ ರೊಟ್ಟಿಯ ಚೂರು.
ನಾನು ಕಾರ್ಡು ಕೇಳುತ್ತೇನೆ.
ಮೊದಲು ಏಳನೆಯ ತಿಂಗಳು ಹುಡುಕುತ್ತೇನೆ,
ಆಮೇಲೆ, ಕೈಬರಹ.